ಕೌದಿಯ ಮೇಲೆ ಹನ್ನೊಂದು ಕುರಿ

ಇಡ್ವಲ್ ಕೊಟ್ಟಿಗೆಯ ಮಾಡಿನಿಂದ ಬಿದ್ದು ಕಾಲು ಮುರಿದುಕೊಂಡದ್ದು 1947ರ ಫೆಬ್ರವರಿ ಕೊನೆಯಲ್ಲಿ. ಮಾಡು ಕುಸಿಯದಿರಲೆಂದು ಹಿಮ ಎಳೆದುಹಾಕಲು ಹತ್ತಿದ್ದ. ಡಾಕ್ಟರು ಬರುವ ದಾರಿ ಮುಚ್ಚಿಹೋಗಿ ಆಗಲೇ ತಿಂಗಳಾಗಿತ್ತು. ಹೆಂಡತಿ ಟೆಗ್ವೆನ್ ಮತ್ತು ಅಕ್ಕ ಮಾರ್ಗೆಡ್ ಸೇರಿ, ಒಡೆದ ಪೀಪಾಯಿಯ ಎರಡು ಹಲಗೆ ಇಟ್ಟು ಕಾಲನ್ನು ಬಿಗಿದು ಕಟ್ಟಿದರು. ಅಂದಿನಿಂದ ಅವನು ಅಡುಗೆಮನೆಯ ಒಲೆಯ ಪಕ್ಕ ಮಲಗಿಯೇ ಇದ್ದ.

ವೇಲ್ಸಿನ ಆ ಗುಡ್ಡದ ಮನೆಯಲ್ಲಿ ಇದ್ದವರು ಈ ಮೂವರೇ. ಹಟ್ಟಿಯಲ್ಲಿ ಸೇರೆನ್ ಎಂಬ ಹಸು, ಒಲೆಯ ಮುಂದೆ ಫ್ಲೋಸ್ ಎಂಬ ನಾಯಿ, ಗುಡ್ಡದ ಮೇಲೆ ನೂರ ಅರವತ್ತು ಗಬ್ಬದ ಕುರಿ.

ಮಾರ್ಗೆಡ್ ಮದುವೆಯಾದವಳಲ್ಲ. ಹದಿನಾಲ್ಕನೆಯ ವಯಸ್ಸಿನಿಂದ ಊರೂರು ತಿರುಗಿ, ಒಂದೊಂದು ಮನೆಯಲ್ಲಿ ಎರಡು ವಾರ ಉಳಿದು, ಕೌದಿ ಹೊಲಿದುಕೊಟ್ಟವಳು. ಸೀಮೆಸುಣ್ಣದಲ್ಲಿ ಗೆರೆ ಎಳೆಯದೆ ನೇರವಾಗಿ ಬಟ್ಟೆಯ ಮೇಲೆ ಸುರುಳಿ ಹೊಲಿಯಬಲ್ಲ ಕೈ ಅವಳದು. ಆ ಚಳಿಗಾಲದಲ್ಲಿ ಕೆಳಗಿನ ಮನೆಯ ಹುಡುಗಿಯ ಮದುವೆಗೆಂದು ಕೆಂಪು ಫ್ಲಾನೆಲ್ ಕೌದಿ ಹೊಲಿಗೆಯ ಮರದ ಚೌಕಟ್ಟಿನ ಮೇಲಿತ್ತು. ಒಳಗೆ ತುಂಬಿದ್ದು ಅವರದೇ ಕುರಿಗಳ ಉಣ್ಣೆ. ಹೊರಗಿನ ಕೆಲಸವೆಲ್ಲ ತನ್ನ ಮೇಲೆ ಬಿದ್ದಿರುವಾಗ ಅತ್ತ ಕೋಣೆಯಲ್ಲಿ ಸೂಜಿ ಆಡುವುದನ್ನು ಕಂಡರೆ ಟೆಗ್ವೆನ್‌ಗೆ ಮೈ ಉರಿಯುತ್ತಿತ್ತು.

ಮಾರ್ಚ್ ನಾಲ್ಕಕ್ಕೆ ಗಾಳಿ ಎದ್ದಿತು. ಎರಡು ದಿನ ಬಿಡದೆ ಹಿಮ ಸುರಿಯಿತು. ಆರನೆಯ ತಾರೀಖು ಬೆಳಿಗ್ಗೆ ಬಾಗಿಲು ತೆಗೆದರೆ ಎದುರಿಗೆ ಬಿಳಿ ಗೋಡೆ. ಟೆಗ್ವೆನ್ ಕಿಟಕಿಯಿಂದ ಹೊರಗೆ ಹಾರಿ ಗುಡ್ಡದ ಕಡೆ ನೋಡಿದಳು. ಕಲ್ಲುಗೋಡೆಗಳಿಲ್ಲ, ಗಿಡಗಳಿಲ್ಲ, ಕುರಿ ಒಂದೂ ಇಲ್ಲ.

"ಎಲ್ಲಾ ಹೂತು ಹೋಗಿವೆ," ಎಂದಳು ಒಳಗೆ ಬಂದು.

ಇಡ್ವಲ್ ಎದ್ದು ಕೂರಲು ನೋಡಿ, ನೋವಿಗೆ ಹಲ್ಲು ಕಚ್ಚಿದ. "ಗಾಳಿಗೆ ಹೆದರಿ ಮೇಲಿನ ಗೋಡೆ ಮರೆಗೆ ಹೋಗಿರ್ತಾವೆ. ಹಿಮದ ಅಡೀಲಿ ವಾರಗಟ್ಟಲೆ ಬದುಕ್ತಾವೆ ಕಣೇ. ಉಸಿರಾಡಿದ ಕಡೆ ಹಳದಿ ತೂತು ಇರುತ್ತೆ. ಫ್ಲೋಸ್‌ನ ಬಿಡು, ಅವಳಿಗೆ ವಾಸನೆ ಗೊತ್ತು."

"ನಾನೊಬ್ಬಳೇ ನೂರ ಅರವತ್ತು ಕುರಿ ಅಗೀಲಾ?"

"ಹತ್ತಾದ್ರೂ ಸಿಗಲಿ. ಹೊಸ ಕುರಿ ತಂದು ಬಿಟ್ರೆ ಈ ಗುಡ್ಡದಲ್ಲಿ ನಿಲ್ಲಲ್ಲ. ಬೇಲಿ ಎಲ್ಲಿದೆ ನಮಗೆ? ನಮ್ಮ ಗಡಿ ಯಾವುದು ಅಂತ ತಾಯಿ ಮರಿಗೆ ಕಲಿಸ್ಬೇಕು. ಕಲಿಸೋ ತಾಯಿನೇ ಸತ್ರೆ ಮುಗೀತು, ಈ ಮನೇಲಿ ಇನ್ಯಾರೂ ಕುರಿ ಸಾಕೋಕಾಗಲ್ಲ."

ಟೆಗ್ವೆನ್ ಕೋಣೆಯ ಬಾಗಿಲಿಗೆ ಹೋಗಿ ನಿಂತಳು. ಮಾರ್ಗೆಡ್ ಚೌಕಟ್ಟಿನ ಮುಂದೆ ಕೂತಿದ್ದಳು.

"ಸೂಜಿ ಹಿಡಿದ ಕೈ ಸಲಿಕೆ ಹಿಡಿದ್ರೆ ಮೈಲಿಗೆ ಆಗುತ್ತಾ ಅಕ್ಕ? ತುಂಬಿರೋ ಉಣ್ಣೆ ಆ ಕುರಿಗಳದ್ದೇ ಅಲ್ವಾ?"

ಮಾರ್ಗೆಡ್ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು ಎದ್ದು, ತಮ್ಮನ ಬೂಟು ಹಾಕಿಕೊಂಡಳು.

ಹಿಮ ಅಗೆದು ಮೇಲಿನ ಗೋಡೆಯವರೆಗೆ ದಾರಿ ಮಾಡಿಕೊಳ್ಳಲು ಅರ್ಧ ದಿನ ಹಿಡಿಯಿತು. ನಾಯಿ ಒಂದು ಕಡೆ ನಿಂತು ಕೆರೆಯತೊಡಗಿತು. ಹೆಂಗಸರು ಅಗೆದರು. ಎದೆಯುದ್ದ ಹೋದ ಮೇಲೆ ಸಲಿಕೆ ಬಿಟ್ಟು ಕೈಯಲ್ಲಿ ತೋಡಿದರು, ಕುರಿಗೆ ಏಟು ಬೀಳಬಾರದೆಂದು. ಒಳಗೆ ಗೂಡಿನಂಥ ಜಾಗ. ಏಳು ಕುರಿ. ನಾಲ್ಕು ಸತ್ತಿದ್ದವು. ಬದುಕಿದ್ದ ಮೂರರ ಬೆನ್ನ ಮೇಲೆ ಉಣ್ಣೆಯೇ ಇರಲಿಲ್ಲ, ಬರೀ ಗುಲಾಬಿ ಚರ್ಮ. ತಿಂಗಳಿಂದ ಸರಿಯಾಗಿ ಮೇವಿಲ್ಲದ ಹಸಿವಿಗೆ ಒಂದರ ಉಣ್ಣೆ ಒಂದು ತಿಂದಿದ್ದವು.

ಕಾಲಿಗೆ ಕಸುವಿಲ್ಲದೆ ಅವು ಮುಗ್ಗರಿಸಿದವು. ಗಬ್ಬದ ಕುರಿಯನ್ನು ಹೆಗಲ ಮೇಲೆ ಹಾಕಿದರೆ ಹೊಟ್ಟೆಯ ಮರಿ ಸಾಯುತ್ತದೆ. ಅತ್ತೆಯ ಕಾಲದ ಹಳೆಯ ಕೌದಿಯೊಂದನ್ನು ತಂದು, ಕುರಿಯನ್ನು ಮಲಗಿಸಿ, ನಾಲ್ಕು ತುದಿ ಕಟ್ಟಿ ಎಳೆದರು. ಮೂರನೆಯ ಕುರಿಗೆ ಅದು ನಡುವೆ ಹರಿದು ಎರಡಾಯಿತು. ಕತ್ತಲಾಗುವುದರೊಳಗೆ ಹೇಗೋ ಅದನ್ನೂ ಮನೆ ಮುಟ್ಟಿಸಿದರು.

ಮರುದಿನ ಬೆಳಿಗ್ಗೆ ಟೆಗ್ವೆನ್ ಎದ್ದು ಬಂದಾಗ ಕೋಣೆಯ ಚೌಕಟ್ಟು ಬರಿದಾಗಿತ್ತು. ಮಾರ್ಗೆಡ್ ಕೆಂಪು ಕೌದಿಯನ್ನು ಸುತ್ತಿ ಕಂಕುಳಲ್ಲಿ ಇಟ್ಟುಕೊಂಡಿದ್ದಳು.

"ಅಯ್ಯೋ ಅಕ್ಕ, ಅದು ಮದುವೇದು!"

"ಹೊಸ ಬಟ್ಟೆ, ಒತ್ತು ಹೊಲಿಗೆ. ಹರಿಯಲ್ಲ. ನಡಿ."

ಒಟ್ಟು ನಾಲ್ಕು ದಿನ ಹೀಗೇ ನಡೆಯಿತು. ದಿನಕ್ಕೆ ಮೂರು, ಒಂದು ದಿನ ಎರಡೇ. ಅಗೆದ ಕಡೆಯೆಲ್ಲ ಬದುಕಿದ್ದಕ್ಕಿಂತ ಸತ್ತದ್ದೇ ಹೆಚ್ಚು. ಒದ್ದೆ ಕೈಗವಸಿನಲ್ಲಿ ಗಂಟು ಕೂರುತ್ತಿರಲಿಲ್ಲ. ಪ್ರತಿ ಕುರಿಗೂ ಮಾರ್ಗೆಡ್ ಗವಸು ಕಳಚಿ, ಬರಿಗೈಯಲ್ಲಿ ನಾಲ್ಕು ಗಂಟು ಹಾಕಿ, ಮನೆಯಲ್ಲಿ ನಾಲ್ಕು ಗಂಟು ಬಿಚ್ಚುತ್ತಿದ್ದಳು. ಮೂರನೆಯ ದಿನ ಅವಳ ಬಲಗೈ ಬೆರಳುಗಳು ಮೇಣದಂತೆ ಬೆಳ್ಳಗಾಗಿದ್ದನ್ನು ಟೆಗ್ವೆನ್ ಕಂಡಳು.

"ನೋವಾಗ್ತಿದೆಯಾ?"

"ಇಲ್ಲ. ಬೆಳಿಗ್ಗೆ ಇತ್ತು, ಈಗ ಏನೂ ಗೊತ್ತಾಗ್ತಿಲ್ಲ."

ಗೊತ್ತಾಗದಿರುವುದೇ ಕೇಡು ಎಂದು ಗುಡ್ಡದವಳಾದ ಟೆಗ್ವೆನ್‌ಗೆ ತಿಳಿದಿತ್ತು. 'ಮನೆಗೆ ಹೋಗು' ಎನ್ನಬೇಕಿತ್ತು. ಆದರೆ ಫ್ಲೋಸ್ ಆಗಲೇ ಇನ್ನೊಂದು ಕಡೆ ಕೆರೆಯುತ್ತಿತ್ತು, ಒಬ್ಬಳೇ ಕುರಿ ಎಳೆಯಲಾಗುತ್ತಿರಲಿಲ್ಲ. ಅವಳು ಬಾಯಿ ಮುಚ್ಚಿಕೊಂಡು ಸಲಿಕೆ ಎತ್ತಿದಳು.

ಹುಲ್ಲು ಮುಗಿಯಿತು. ಇಡ್ವಲ್ ಹೇಳಿದ, "ಹಾಸಿಗೆ ಹರೀರಿ." ಅವರ ಹಾಸಿಗೆಗಳಲ್ಲಿ ಓಟ್ಸಿನ ಹೊಟ್ಟು ತುಂಬಿತ್ತು. ಮೂರೂ ಹಾಸಿಗೆ ಸೀಳಿ, ಬಿಸಿನೀರಿನಲ್ಲಿ ಕಲಸಿ, ಹಸುವಿಗೂ ಕುರಿಗಳಿಗೂ ಇಟ್ಟರು. ಹಸು ತಿಂದಿತು. ಕುರಿಗಳು ಮೂಸಿ ಮುಖ ತಿರುಗಿಸಿದವು. ಟೆಗ್ವೆನ್ ಒಂದೊಂದರ ಬಾಯಿ ಬಿಡಿಸಿ ಬೆರಳಿನಿಂದ ತುರುಕಿದಳು. ಅಡುಗೆಮನೆಯಲ್ಲೇ ಎರಡು ಈದವು. ಒಂದರ ಮರಿ ಸತ್ತೇ ಹುಟ್ಟಿತು. ಇನ್ನೊಂದನ್ನು ಇಡ್ವಲ್ ಅಂಗಿಯೊಳಗೆ ಇಟ್ಟುಕೊಂಡು ಮಲಗಿದ. ಬೆಳಿಗ್ಗೆ ಅದೂ ತಣ್ಣಗಾಗಿತ್ತು. ಅವನು ಅದನ್ನು ಹೊರಗೆ ತೆಗೆಯಲು ಬಿಡಲಿಲ್ಲ, ಮಧ್ಯಾಹ್ನದವರೆಗೂ ಹಾಗೇ ಹಿಡಿದುಕೊಂಡಿದ್ದ.

ಹತ್ತನೆಯ ತಾರೀಖು ಮಳೆ ಬಂತು. ಎರಡು ದಿನದಲ್ಲಿ ಹಿಮ ಕರಗಿ ಹಳ್ಳ ಉಕ್ಕಿತು. ಆಮೇಲೆ ಗುಡ್ಡ ಕಂಡಿತು. ಗೋಡೆಯುದ್ದಕ್ಕೂ, ಹಳ್ಳದ ತಿರುವಿನಲ್ಲಿ, ಒಂದರ ಮೇಲೊಂದು ಬಿದ್ದ ಕುರಿಗಳು. ಬದುಕಿ ಹೊರಬಂದದ್ದು ಒಂದೂ ಇಲ್ಲ. ನೂರ ಅರವತ್ತರಲ್ಲಿ ಉಳಿದದ್ದು ಕೌದಿಯ ಮೇಲೆ ಬಂದ ಹನ್ನೊಂದು.

ದಾರಿ ತೆರೆದ ದಿನವೇ ಡಾಕ್ಟರು ಬಂದರು. ಇಡ್ವಲ್‌ನ ಕಾಲು ಸೊಟ್ಟಗೆ ಕೂಡಿಕೊಂಡಿದೆ, ಕುಂಟು ಉಳಿಯುತ್ತದೆ ಎಂದರು. ಮಾರ್ಗೆಡ್‌ಳ ಕೈಯನ್ನು ಬೆಳಕಿಗೆ ಹಿಡಿದು ನೋಡಿದರು. ಚಳಿಗೆ ಸತ್ತ ಬೆರಳುಗಳು ಕಪ್ಪಾಗಿದ್ದವು. ಹೆಬ್ಬೆರಳಿನ ತುದಿ, ತೋರುಬೆರಳು ಮತ್ತು ನಡುಬೆರಳಿನ ಎರಡೆರಡು ಗೆಣ್ಣು ತೆಗೆಯಬೇಕಾಯಿತು.

ಸತ್ತ ಕುರಿಗಳನ್ನು ಹೂಳುವ ಮೊದಲು ಉಣ್ಣೆ ಕಿತ್ತುಕೊಳ್ಳುವುದು ಆ ಕಡೆಯ ರೂಢಿ. ಕೊಳೆಯಲು ಶುರುವಾದ ಮೈಯಿಂದ ಅದು ಹಿಡಿಹಿಡಿಯಾಗಿ ಬರುತ್ತದೆ. ವಾಸನೆ ಮಾತ್ರ ವಾರವಾದರೂ ಕೈ ಬಿಡುವುದಿಲ್ಲ. ಟೆಗ್ವೆನ್ ಒಬ್ಬಳೇ ಹಳ್ಳದ ದಂಡೆಯಲ್ಲಿ ಕೂತು ಕೀಳುತ್ತಿದ್ದಾಗ ಮಾರ್ಗೆಡ್ ಬಂದಳು, ಬಲಗೈಗೆ ದಪ್ಪ ಬಟ್ಟೆ ಸುತ್ತಿಕೊಂಡು.

ಟೆಗ್ವೆನ್ ತಲೆ ಎತ್ತಲಿಲ್ಲ. "ಅಕ್ಕ, ಅವತ್ತು ನಾನು ಹಂಗೆ ಅನ್ನಬಾರದಿತ್ತು."

"ಅಂದಿದ್ದು ಸರಿಯಾಗೇ ಇತ್ತು."

"ಬೆರಳು ಬೆಳ್ಳಗಾಗಿದ್ದೂ ನೋಡಿದ್ದೆ. ಸುಮ್ನಿದ್ದೆ."

ಮಾರ್ಗೆಡ್ ಪಕ್ಕದಲ್ಲಿದ್ದ ಉಣ್ಣೆಯ ಚೀಲವನ್ನು ಎಡಗೈಯಲ್ಲಿ ಎತ್ತಿಕೊಂಡಳು. "ನಾನೂ ನೋಡಿದ್ದೆ," ಎಂದಳು. ಆಮೇಲೆ ಕಷ್ಟಪಟ್ಟು ಒದ್ದೆ ನೆಲದ ಮೇಲೆ ಕೂತು, ಚೀಲದ ಬಾಯಿಯ ಒಂದು ಅಂಚನ್ನು ಹಲ್ಲಿನಲ್ಲಿ ಕಚ್ಚಿ, ಇನ್ನೊಂದನ್ನು ಎಡಗೈಯಲ್ಲಿ ಅಗಲಿಸಿ ಹಿಡಿದಳು.

ಟೆಗ್ವೆನ್ ಅಳುತ್ತಲೇ ಒಂದು ಹಿಡಿ ಉಣ್ಣೆ ಕಿತ್ತು ಅದರೊಳಗೆ ಹಾಕಿದಳು. ಮುಂದಿನ ಕುರಿಯ ಕಡೆಗೆ ಇಬ್ಬರೂ ಕೂತಲ್ಲಿಂದಲೇ ಸರಿದರು.