ಮಸಿ ಕಾಗದದ ಖಾಲಿ ಜಾಗ

ನಾನು ಭೂಕಂಪಮಾಪಕ. ನೆಲವೆಲ್ಲ ಗಡಗಡ ನಡುಗುವಾಗಲೂ ಅಲುಗದೆ ನಿಲ್ಲುವ ಕಬ್ಬಿಣದ ಗುಂಡು ನನ್ನ ಎದೆಯಲ್ಲಿದೆ. ಜಂಬ ಅಂತೀರಾ? ಅನ್ನಿ, ನನಗೇನೂ ಬೇಜಾರಿಲ್ಲ.

ಹುಟ್ಟಿದ್ದು ಪುಣೆಯ ಒಂದು ಗಡಿಯಾರದ ಕಾರ್ಖಾನೆಯಲ್ಲಿ. ಕೆಲವು ವರ್ಷ ಯಾವುದೋ ಕಾಲೇಜಿನ ಕಪಾಟಿನಲ್ಲಿ ದೂಳು ತಿಂದೆ. ಆಮೇಲೆ ಬೆಳಗಾವಿ ಕಡೆಯ ಗುಡ್ಡದ ವೀಕ್ಷಣಾಲಯದವರು ಕರೆತಂದು ಬಂಡೆಯ ಮೇಲೇ ಕೂರಿಸಿದರು. ಅಲ್ಲಿಂದ ಶುರುವಾಯಿತು ನೋಡಿ ನನ್ನ ವೈಭವ!

ನನ್ನ ಚಾಕರಿಗಿದ್ದವನು ಬಾಳಪ್ಪ. ದಿನಾ ಬೆಳಿಗ್ಗೆ ಸೀಮೆಎಣ್ಣೆ ದೀಪದ ಹೊಗೆಗೆ ಕಾಗದ ಹಿಡಿದು, ಮಸಿ ಹತ್ತಿಸಿ, ನನ್ನ ಉರುಳೆಗೆ ಸುತ್ತುತ್ತಿದ್ದ. ನೆಲ ನಡುಗಿದರೆ ನನ್ನ ಸೂಜಿ ಮಸಿ ಕೆರೆದು ಬಿಳಿ ಗೆರೆ ಎಳೆಯುತ್ತಿತ್ತು. ಮರುದಿನ ಕಾಗದಕ್ಕೆ ವಾರ್ನಿಶ್ ಕುಡಿಸಿದರೆ ಆ ಗೆರೆ ಶಾಶ್ವತ. ಅಲ್ಲಿಯವರೆಗೆ ಮಾತ್ರ ಯಾರು ಬೇಕಾದರೂ ಒಂದು ಗುಂಡುಪಿನ್ನಿನಿಂದ ಏನು ಬೇಕಾದರೂ ಗೀಚಬಹುದಿತ್ತು.

ಕಂಪನದಲ್ಲಿ ಮೊದಲು ಪಿ ಅಲೆ ದೂಡಿಕೊಂಡು ಓಡಿಬರುತ್ತದೆ. ಹಿಂದೆ ಎಸ್ ಅಲೆ ಮೈ ಕುಲುಕುತ್ತಾ ಬರುತ್ತದೆ. ಕಂಪನ ಪಕ್ಕದ ಕೊಯ್ನಾದ್ದಿರಲಿ, ದೂರದ ಹಿಮಾಲಯದ್ದಿರಲಿ, ಎರಡು ಅಲೆಗಳನ್ನೂ ಬರೆಯುತ್ತಿದ್ದೆ. ಒಮ್ಮೆ ಮಾತ್ರ ಬಾಳಪ್ಪ ಸೂಜಿ ನೆಟ್ಟಗೆ ಕೂರಿಸದೆ ಎಸ್ ತಪ್ಪಿಹೋಯಿತು. "ಇನ್ನೊಮ್ಮೆ ಹಿಂಗಾದ್ರ ನೌಕರಿ ಖಾಯಂ ಆಗೂದಿಲ್ಲ," ಎಂದು ಮುಖ್ಯಸ್ಥೆ ಅನಸೂಯಾಬಾಯಿ ಖಡಕ್ಕಾಗಿ ಹೇಳಿದ್ದರು.

ಹೀಗಿರುವಾಗ ಭೂಗೋಳದ ಆಚೆ ಮಗ್ಗುಲಿನ ಚಿಲಿ ದೇಶ ನಡುಗಿತು. ಪಿ ಬಂತು, ಬರೆದೆ. ಎಸ್‌ಗೆ ಕಾದೆ, ಬರಲೇ ಇಲ್ಲ. ಬಹಳ ತಡವಾಗಿ ನೆಲದ ಮೇಲ್ಪದರ ಸುತ್ತಿಬಂದ ಅಲೆಗಳನ್ನಷ್ಟೇ ಬರೆದೆ.

ರೇಡಿಯೋ ಸುದ್ದಿ ಕೇಳಿ ಓಡಿಬಂದ ಬಾಳಪ್ಪ ಕಾಗದ ಬಿಚ್ಚಿ ನೋಡಿದರೆ ಎಸ್ ಇರಬೇಕಾದ ಜಾಗ ಖಾಲಿ. "ಅಯ್ಯೋ ಶಿವನ, ಕೆಟ್ಟೆ! ಮತ್ತ ನನ್ನ ತಪ್ಪ ಅಂತಾರ." ಕೈಗೆ ಗುಂಡುಪಿನ್ನು ಬಂತು. ಮಸಿಯ ತೀರ ಹತ್ತಿರಕ್ಕೂ ಹೋಯಿತು. ನನಗೆ ಬಾಯಿದ್ದಿದ್ದರೆ ಕಿರುಚುತ್ತಿದ್ದೆ. ನನ್ನ ಹೆಸರಿನಲ್ಲಿ ಸುಳ್ಳೇ!

ಅವನು ನನ್ನತ್ತ ನೋಡಿದ. "ನೀ ಬರೀಲಾರದ್ದನ್ನ ನಾ ಹೆಂಗ ಬರೀಲಿ? ನೌಕರಿ ಹೋದ್ರ ಹೋಗ್ಲಿ." ಪಿನ್ನು ಎಸೆದು ವಾರ್ನಿಶ್ ಹೊಯ್ದೇಬಿಟ್ಟ.

ಅನಸೂಯಾಬಾಯಿ ಕಾಗದವನ್ನು ಬೆಳಕಿಗೆ ಹಿಡಿದರು. "ಸೂಜಿ ನೆಟ್ಟಗ ಕೂಡಿಸಿದ್ದೇನು?"

"ಕೂಡಿಸಿದ್ದೆ ಬಾಯೀರ. ಎಸ್ ಯಾಕ ಬರಲಿಲ್ಲೋ ಗೊತ್ತಿಲ್ಲ."

"ಹ್ಯಾಂಗ ಬಂದೀತೋ ಹುಚ್ಚಪ್ಪಾ! ಆಚೀ ಮಗ್ಗಲಿಂದ ಬರೂ ದಾರ್ಯಾಗ, ಭೂಮಿ ಹೊಟ್ಟ್ಯಾಗ, ಕರಗಿದ ಕಬ್ಬಿಣ ಅದ. ಪಿ ಅದನ್ನ ದಾಟ್ತದ, ಎಸ್ ದ್ರವದಾಗ ಹಾಯೂದಿಲ್ಲ. ಅದನ್ನೇನರ ಗೀಚಿ ತಂದಿದ್ರ ಇವತ್ತೇ ಮನಿಗೆ ಕಳಸ್ತಿದ್ದೆ."

ಬಾಳಪ್ಪ ನಕ್ಕ, ಅತ್ತ. ಆ ವರ್ಷವೇ ಅವನ ನೌಕರಿ ಖಾಯಮಾಯಿತು.

ಆಮೇಲೆ ಕಂಪ್ಯೂಟರು ಬಂತು. ನನ್ನ ಸೂಜಿ ತುಕ್ಕು ಹಿಡಿಯಿತು. ಗುಜರಿಯವನು ತಕ್ಕಡಿ ತಂದಾಗ ತಲೆ ನರೆತ ಬಾಳಪ್ಪ ಅಡ್ಡ ನಿಂತ. "ಇದನ್ನ ತೂಗೂದಾದ್ರ ಮೊದಲ ನನ್ನ ತೂಗು!"

ಹಾಗಾಗಿ ಈ ವರಾಂಡದ ಮೂಲೆಯಲ್ಲಿ ಉಳಿದಿದ್ದೇನೆ. ಭೂಮಿಯ ನಡುವಿಗೆ ಇಳಿದು ನೋಡಿ ಬಂದವರು ಯಾರೂ ಇಲ್ಲ. ಅಲ್ಲಿಂದ ಬಂದ ಸುದ್ದಿಯನ್ನು ನಾವಿಬ್ಬರೂ ಬಂದ ಹಾಗೇ ಮುಟ್ಟಿಸಿದೆವು.