ಬೆಳ್ಳಿ ಉಡುದಾರದ ಮುಯ್ಯಿ

ಸರ್ಕಾರಿ ಕೆಲಸ ಸಿಕ್ಕವರ ಮನೆಯಲ್ಲಿ ಮೊದಲು ಹೆಚ್ಚುವುದು ಸಂಬಳವಲ್ಲ, ನೆಂಟರು. ನಿನ್ನೆಯವರೆಗೆ ಕಂಡೂ ಕಾಣದಂತೆ ಹೋಗುತ್ತಿದ್ದವರು ಇವತ್ತು ರಸ್ತೆ ದಾಟಿ ಬಂದು ಮಾತಾಡಿಸುತ್ತಾರೆ. ಮನೆಯಲ್ಲಿ ಒಂದು ಶುಭಕಾರ್ಯ ನಡೆದರಂತೂ ಮುಗಿಯಿತು, ಕರೆದವರಿಗಿಂತ ಮೊದಲು ಕರೆಯದವರೇ ಪಂಕ್ತಿಯಲ್ಲಿ ಕೂತಿರುತ್ತಾರೆ. ಹಲಸೂರಿನ ಗಗನಾಳ ಮನೆಯಲ್ಲೂ ಹೀಗೇ ಆಯಿತು.

ಗಗನಾ ದಂಡು ಪ್ರದೇಶದ ತೂಕ ಮತ್ತು ಅಳತೆ ಕಚೇರಿಯೊಂದರಲ್ಲಿ ಸಹಾಯಕಿ. ಅಂಗಡಿಯವರು, ಮಾರುಕಟ್ಟೆಯವರು ಕಾಲಕಾಲಕ್ಕೆ ತಮ್ಮ ತಕ್ಕಡಿಗಳನ್ನು ತಂದು, ಪರೀಕ್ಷೆ ಮಾಡಿಸಿ, ಸರ್ಕಾರದ ಮುದ್ರೆ ಹಾಕಿಸಿಕೊಳ್ಳಬೇಕಲ್ಲ? ಆ ಅರ್ಜಿಗಳನ್ನು ತೆಗೆದುಕೊಂಡು, ಬಂದವರ ಸರದಿಯಂತೆ ಇನ್ಸ್‌ಪೆಕ್ಟರ್ ಮುನೀಂದ್ರ ಅವರ ಮೇಜಿಗೆ ಕಳಿಸುವುದು ಅವಳ ಕೆಲಸ. ಕೆಲಸಕ್ಕೆ ಸೇರಿದ ಮೇಲೆ ಪ್ರೊಬೇಷನ್ ಇನ್ನೂ ಮುಗಿದಿರಲಿಲ್ಲ. ಗಂಡ ಭಾರ್ಗವ್ ದೊಡ್ಡನೆಕ್ಕುಂದಿಯ ಒಂದು ಕಾರ್ಖಾನೆಯಲ್ಲಿದ್ದಾನೆ. ಮನೆಯ ಯಜಮಾನಿಕೆ ಮಾತ್ರ ಅತ್ತೆ ಶಾಂತಕುಮಾರಿಯವರದು.

ಗಗನಾ ಹೆರಿಗೆ ರಜೆಯಲ್ಲಿದ್ದಾಗ ಮಗ ಕಶ್ಯಪನ ನಾಮಕರಣವಾಯಿತು. ಕಚೇರಿಯವರು ನಾಲ್ಕಾರು ಜನ ಬಂದಿದ್ದರು. ಅವರ ಹಿಂದೆಯೇ ಹಲಸೂರು ಬಜಾರಿನ ಬೆಳ್ಳಿ ಅಂಗಡಿಯ ಆನಂದ್ ಬಂದರು. ಅವರಿಗೆ ಮೂರು ಕಡೆ ಅಂಗಡಿ. ಅಂಗಡಿಯೆಂದ ಮೇಲೆ ತಕ್ಕಡಿ, ತಕ್ಕಡಿಯೆಂದ ಮೇಲೆ ಗಗನಾಳ ಕಚೇರಿ. ಯಾರೂ ಕರೆದಿರಲಿಲ್ಲ. ಬಂದರು, ಕೈಮುಗಿದರು, ಒಂದು ಪುಟ್ಟ ಡಬ್ಬಿಯನ್ನು ಶಾಂತಕುಮಾರಿಯವರ ಕೈಗಿಟ್ಟರು, ಹೋಳಿಗೆ ಊಟ ಮಾಡಿ ಹೊರಟುಹೋದರು. ಡಬ್ಬಿಯಲ್ಲಿ ಬೆಳ್ಳಿಯ ಉಡುದಾರವಿತ್ತು, ಅದರ ಜೊತೆಗೆ ಒಂದು ಜೊತೆ ಕಾಲುಗೆಜ್ಜೆ. ಕೈಯಲ್ಲಿ ಹಿಡಿದರೆ ಭಾರ ಗೊತ್ತಾಗುವಂಥದ್ದು.

"ಎಷ್ಟು ದೊಡ್ಡ ಮನಸ್ಸು ನೋಡೇ!" ಎಂದು ಹಿಗ್ಗಿದ ಶಾಂತಕುಮಾರಿ ಅಲ್ಲೇ ಮೊಮ್ಮಗನ ಸೊಂಟಕ್ಕೆ ಉಡುದಾರ ಕಟ್ಟಿದರು. ಬೇಡ ಅನ್ನಬೇಕೆಂದು ಗಗನಾಳಿಗೆ ಒಮ್ಮೆ ಅನಿಸಿತ್ತು. ಆದರೆ ಮಗುವಿನ ಸೊಂಟದಲ್ಲಿ ಅದು ಚೆಂದವಾಗಿಯೂ ಕಂಡಿತು.

ರಜೆ ಮುಗಿದು ಅವಳು ಮತ್ತೆ ಕಚೇರಿಗೆ ಹೋಗತೊಡಗಿದಳು. ಒಂದು ಬೆಳಿಗ್ಗೆ ಬಾಗಿಲು ತೆಗೆಯುವ ಮೊದಲೇ ಹುಸೇನಮ್ಮ ಬಂದು ಕೂತಿದ್ದರು. ಶಿವಾಜಿನಗರದ ಮಾರುಕಟ್ಟೆಯಲ್ಲಿ ಶುಂಠಿ, ಬೆಳ್ಳುಳ್ಳಿ ಮಾರುವ ವಯಸ್ಸಾದ ಹೆಂಗಸು. ತಕ್ಕಡಿಯನ್ನು ಬಟ್ಟೆಯ ಚೀಲದಲ್ಲಿಟ್ಟು, ಎಲ್ಲಿ ಏಟು ಬೀಳುತ್ತದೋ ಎಂದು ತೊಡೆಯ ಮೇಲೆ ಮಲಗಿಸಿಕೊಂಡಿದ್ದರು. ಮುದ್ರೆಯ ಅವಧಿ ಮುಗಿಯುತ್ತಾ ಬಂದಿತ್ತು. ಮುದ್ರೆಯಿಲ್ಲದ ತಕ್ಕಡಿಯಲ್ಲಿ ತೂಗಿದರೆ ದಂಡ, ತೂಗದಿದ್ದರೆ ವ್ಯಾಪಾರವಿಲ್ಲ.

ಅವರ ಅರ್ಜಿ ಎಲ್ಲಕ್ಕಿಂತ ಮೇಲಿತ್ತು. ಅಷ್ಟರಲ್ಲಿ ಆನಂದ್ ಒಳಗೆ ಬಂದರು. ಕೈಯಲ್ಲಿದ್ದ ಅರ್ಜಿಗಳನ್ನು ಮೇಜಿನ ಮೇಲಿಟ್ಟು, ನಗುತ್ತಾ ಒಂದೇ ಒಂದು ಮಾತು ಕೇಳಿದರು.

"ಪಾಪು ಹೇಗಿದೆ ಮೇಡಂ?"

ಅಷ್ಟೇ. ಬೇಗ ಮಾಡಿಕೊಡಿ ಅನ್ನಲಿಲ್ಲ, ಏನಾದರೂ ಕೊಡುತ್ತೇನೆ ಅನ್ನಲೂ ಇಲ್ಲ. ಆದರೆ ಗಗನಾಳ ಕೈ ತಾನಾಗಿಯೇ ಹೋಗಿ ಅವರ ಅರ್ಜಿಗಳನ್ನು ಮೇಲಕ್ಕೆ ತಂದಿತು. ಬೆಳ್ಳಿ ತೂಗುವ ಸೂಕ್ಷ್ಮ ತಕ್ಕಡಿಗಳನ್ನು ಕಚೇರಿಗೆ ತರುವಂತಿಲ್ಲ, ಮೂರು ಅಂಗಡಿಗಳಿಗೂ ಹೋಗಿಯೇ ನೋಡಬೇಕಿತ್ತು. ಮುನೀಂದ್ರ ತಮಗೆ ಬಂದ ಸರದಿಯಂತೆ ಎದ್ದು ಆನಂದರ ಜೊತೆ ಹೊರಟರು. ಆ ದಿನ ಅವರು ಕಚೇರಿಗೆ ವಾಪಸು ಬರುವಂತಿರಲಿಲ್ಲ.

"ಅಮ್ಮ, ನಾಳೆ ಬನ್ನಿ," ಎಂದಳು ಗಗನಾ ತಲೆಯೆತ್ತದೆ.

ಹುಸೇನಮ್ಮ ಜಗಳವಾಡಲಿಲ್ಲ. ಚೀಲವನ್ನು ಹೆಗಲಿಗೇರಿಸಿಕೊಂಡು ಎದ್ದರು. "ಆಯ್ತು ಮೇಡಮ್ಮ. ಆ ಸಾಹೇಬ್ರು ಮಗು ವಿಷ್ಯ ಕೇಳಿದ್ರಲ್ಲ, ನಿಮ್ ನೆಂಟ್ರೇನೋ. ಮನೆಯವ್ರದ್ದು ಮೊದಲು ಆಗ್ಬೇಕಲ್ಲ, ಪರವಾಗಿಲ್ಲ," ಎಂದು ಹೇಳಿ ನಿಧಾನವಾಗಿ ಮೆಟ್ಟಿಲಿಳಿದು ಹೋದರು.

ಬೈದಿದ್ದರೆ ಗಗನಾಳೂ ತಿರುಗಿ ಎರಡು ಮಾತು ಆಡಿ ಹಗುರಾಗುತ್ತಿದ್ದಳೋ ಏನೋ. ಆ 'ಪರವಾಗಿಲ್ಲ' ಅವಳನ್ನು ಕೂತಲ್ಲಿಯೇ ಕುಗ್ಗಿಸಿಬಿಟ್ಟಿತು. ಸುತ್ತಲಿದ್ದವರೆಲ್ಲ ತನ್ನನ್ನೇ ನೋಡುತ್ತಿದ್ದಾರೆ ಅನ್ನಿಸಿ ಕಿವಿ ಬಿಸಿಯಾಯಿತು. ನಿಜಕ್ಕೂ ಯಾರೂ ನೋಡುತ್ತಿರಲಿಲ್ಲ. ಅದಕ್ಕೇ ಇನ್ನಷ್ಟು ನಾಚಿಕೆಯಾಯಿತು.

ಮಧ್ಯಾಹ್ನ ಊಟದ ಹೊತ್ತಿಗೆ ಪಕ್ಕದಲ್ಲಿ ಬಂದು ಕೂತವರು ನೂರುನ್ನೀಸಾ. ಅದೇ ಕಚೇರಿಯ ಹಿರಿಯ ಸಹಾಯಕಿ, ಪುಲಿಕೇಶಿನಗರದವರು. ಸಿಬ್ಬಂದಿಯ ರಜೆ, ಬಡ್ತಿ, ನೋಟಿಸು ಎಲ್ಲ ಅವರ ಕೈಯಿಂದಲೇ ಹೋಗಬೇಕು. ಚಿಕ್ಕವರೆಲ್ಲ ಅವರನ್ನು ಆಪಾ, ಅಂದರೆ ಅಕ್ಕ, ಎಂದೇ ಕರೆಯುತ್ತಾರೆ.

"ಏನೇ, ಊಟದ ಡಬ್ಬಿ ಮುಚ್ಚಳಾನೇ ತೆಗ್ದಿಲ್ಲ?"

ಗಗನಾ ಎಲ್ಲವನ್ನೂ ಹೇಳಿದಳು. ಹೇಳುವಾಗ ಎಲ್ಲೂ ತಪ್ಪು ತನ್ನದೆಂದು ಬಾರದಂತೆ ನೋಡಿಕೊಂಡಳು. "ಆಪಾ, ನಾನೇನೂ ಕೇಳಿರ್ಲಿಲ್ಲ. ಅವರಾಗೇ ತಂದ್ರು. ಅದೂ ನನ್ ಕೈಗೆ ಕೊಟ್ಟಿಲ್ಲ, ನಮ್ಮತ್ತೆ ಕೈಗೆ."

"ಕೇಳದೆ ತಗೊಂಡ್ರೂ ತಗೊಂಡಂಗೇ ಗಗನಾ. ನಮ್ಮ ನಡತೆ ನಿಯಮದಲ್ಲಿ ಸ್ಪಷ್ಟವಾಗಿದೆ. ಕಚೇರೀಲಿ ಕೆಲಸ ಇರೋವ್ರ ಹತ್ರ ನಾವೂ ಉಡುಗೊರೆ ತಗೋಬಾರ್ದು, ನಮ್ಮನೆಯವರು ತಗೊಳ್ಳೋಕೂ ಬಿಡಬಾರ್ದು. ಅತ್ತೆ ತಗೊಂಡ್ರು, ಗಂಡ ತಗೊಂಡ ಅಂದ್ರೆ ತಪ್ಪಿಸ್ಕೊಳೋಕಾಗಲ್ಲ."

"ಹಂಗಾದ್ರೆ ನಾಮಕರಣಕ್ಕೆ ಯಾರೂ ಏನೂ ಕೊಡ್ಲೇಬಾರ್ದಾ?"

"ಯಾರಂದ್ರು? ನಿನ್ ತಮ್ಮ ಕೊಡ್ಲಿ, ಸೋದರತ್ತೆ ಕೊಡ್ಲಿ, ಆಫೀಸಿಗೂ ಅವರಿಗೂ ಸಂಬಂಧ ಇಲ್ದಿರೋ ಗೆಳತಿ ಕೊಡ್ಲಿ. ಮಿತಿಗಿಂತ ಜಾಸ್ತಿ ಬೆಲೆಯದಾದ್ರೆ ಆಫೀಸಿಗೆ ಬರೆದು ತಿಳಿಸ್ಬೇಕು, ಅಷ್ಟೇ. ಆದ್ರೆ ಆನಂದ್ ನಿನಗೆ ಯಾರು?"

ಗಗನಾ ತಲೆ ತಗ್ಗಿಸಿ ಊಟದ ಡಬ್ಬಿಯ ಮುಚ್ಚಳ ತೆಗೆದಳು.

"ಇನ್ನೊಂದು ಹೇಳ್ತೀನಿ, ಬೇಜಾರು ಮಾಡ್ಕೋಬೇಡ," ಎಂದರು ನೂರುನ್ನೀಸಾ. "ಉಡುದಾರ ಒಂದು ತಪ್ಪು. ಆ ಅಜ್ಜಿ ಸರದಿ ತಪ್ಪಿಸಿದ್ದು ಅದಕ್ಕಿಂತ ದೊಡ್ಡದು. ಯಾರಾದ್ರೂ ದೂರು ಕೊಟ್ರೆ ವಿಚಾರಣೆ ಆಗುತ್ತೆ. ಎಚ್ಚರಿಕೆ ಕೊಡಬಹುದು, ಇನ್‌ಕ್ರಿಮೆಂಟ್ ತಡೀಬಹುದು. ನಿನ್ನದಿನ್ನೂ ಪ್ರೊಬೇಷನ್ನು, ಕೆಲಸಕ್ಕೇ ಕುತ್ತು ಬಂದ್ರೂ ಬರಬಹುದು. ಬೇರೆಯವರು ಹೇಳೋಕೆ ಮುಂಚೆ ನೀನೇ ಹೇಳು."

ಗಗನಾ ಡಬ್ಬಿಯನ್ನು ಹಾಗೇ ಮುಚ್ಚಿಟ್ಟಳು. ಎಷ್ಟು ವರ್ಷ ಓದಿ, ಎಷ್ಟು ಪರೀಕ್ಷೆ ಬರೆದು ಸಿಕ್ಕ ಕೆಲಸ ಅದು! ಒಂದು ಉಡುದಾರಕ್ಕೆ ಕಳೆದುಕೊಳ್ಳುವುದೇ?

ಸಂಜೆ ನೂರುನ್ನೀಸಾ ಮನೆಗೆ ಹೋಗುವ ದಾರಿಯಲ್ಲಿ ಕಶ್ಯಪನನ್ನು ನೋಡುವ ನೆಪ ಮಾಡಿಕೊಂಡು ಗಗನಾಳ ಜೊತೆಗೇ ಬಂದರು. ಕಾಫಿ ಕುಡಿದಾದ ಮೇಲೆ ಗಗನಾ ವಿಷಯ ತೆಗೆದಳು. ಶಾಂತಕುಮಾರಿ ಕೆಂಡವಾದರು.

"ಮಗು ಮೈಮೇಲಿಂದ ಬಿಚ್ಚಿ ವಾಪಸ್ ಕೊಡ್ತಾರೇನೇ ಯಾರಾದ್ರೂ? ಅದು ಮುಯ್ಯಿ ಕಣೇ! ನಮ್ಮಜ್ಜಿ ಕಾಲದಿಂದ ನಡ್ಕೊಂಡು ಬಂದಿರೋದು. ಮುಯ್ಯಿ ಲಂಚ ಹೆಂಗಾಗುತ್ತೆ?"

"ಸುಮ್ನೆ ಬೀರುಲಿಟ್ಬಿಡು ಗುರು, ಯಾರಿಗ್ ಗೊತ್ತಾಗುತ್ತೆ?" ಎಂದ ಭಾರ್ಗವ್. ಹೆಂಡತಿಗೆ ಗುರು ಅನ್ನುವುದು ಅವನ ಹಳೆಯ ಚಟ.

"ನನಗೆ ಗೊತ್ತಲ್ಲ," ಎಂದಳು ಗಗನಾ.

ನೂರುನ್ನೀಸಾ ಮೆಲ್ಲಗೆ ಕೇಳಿದರು. "ಅಮ್ಮ, ನನಗೆ ನಿಮ್ಮ ಪದ್ಧತಿ ಪೂರ್ತಿ ಗೊತ್ತಿಲ್ಲ. ಮುಯ್ಯಿ ತಗೊಂಡ್ರೆ ಅದನ್ನ ತಿರುಗಿ ಮಾಡ್ಬೇಕು ಅಲ್ವಾ?"

"ಮಾಡದೆ? ಅವರ ಮನೆ ಕಾರ್ಯಕ್ಕೆ ನಾವೂ ಅಷ್ಟೇ ತೂಕದ್ದು ಮಾಡ್ಬೇಕು. ಮುಯ್ಯಿ ಉಳಿಸ್ಕೊಂಡ್ರೆ ಜನ ಆಡ್ಕೋತಾರೆ."

"ಸರಿ. ಆ ಬೆಳ್ಳಿ ಅಂಗಡಿಯವರಿಗೆ ನೀವು ಏನು ತಿರುಗಿ ಮಾಡ್ತೀರ? ಬೆಳ್ಳಿ ಕೊಡ್ತೀರಾ? ಅವರ ಅಂಗಡಿ ತುಂಬ ಅದೇ ಇದೆ. ಅವರಿಗೆ ಬೇಕಾಗಿರೋದು ನಿಮ್ಮನೇಲಿಲ್ಲಮ್ಮ, ಗಗನಾ ಮೇಜಿನ ಮೇಲಿದೆ. ಇವತ್ತು ಬೆಳಿಗ್ಗೆ ಅವಳು ಮುಯ್ಯಿ ತೀರಿಸಿದಾಳೆ. ತನ್ನದರಲ್ಲಲ್ಲ, ಒಬ್ಬ ಮುದುಕಿ ಪಾಲಿಂದ ಎತ್ಕೊಟ್ಟು."

ಶಾಂತಕುಮಾರಿ ಅಷ್ಟಕ್ಕೇ ಒಪ್ಪಿಕೊಂಡುಬಿಡುವ ಜೀವವಲ್ಲ. "ಎಲ್ಲರನ್ನೂ ಒಂದೇ ಕಣ್ಣಲ್ಲಿ ನೋಡ್ಬಾರ್ದು. ಆನಂದ್ ಒಳ್ಳೆಯವರು. ಮಗು ಮೇಲಿನ ಪ್ರೀತಿಗೆ ತಂದಿರ್ತಾರೆ," ಎಂದು ಗೊಣಗುತ್ತಾ ಒಳಗೆ ಹೋದರು.

ಮರುದಿನ ಹುಸೇನಮ್ಮ ಬಂದಾಗ ಗಗನಾ ತಾನೇ ಎದ್ದು ಅವರ ತಕ್ಕಡಿಯನ್ನು ಮುನೀಂದ್ರ ಅವರ ಮುಂದಿಟ್ಟಳು. ಪರೀಕ್ಷೆಯಾಯಿತು, ಮುದ್ರೆ ಬಿತ್ತು. ಮೆಟ್ಟಿಲ ತನಕ ಜೊತೆಗೆ ಹೋಗಿ, ಯಾರಿಗೂ ಕೇಳದಂತೆ ಹೇಳಿದಳು.

"ಅಮ್ಮ, ನಿನ್ನೆ ಬಂದಿದ್ರಲ್ಲ, ಅವರು ನಮ್ಮ ನೆಂಟರಲ್ಲ. ನಿಮ್ಮ ಸರದೀನ ಅವರಿಗೆ ಕೊಟ್ಟೆ. ತಪ್ಪಾಯ್ತು."

ಹುಸೇನಮ್ಮ ಅವಳ ಮುಖ ನೋಡಿದರು. "ಗೊತ್ತಿತ್ತು ಮೇಡಮ್ಮ. ನಲವತ್ತು ವರ್ಷದಿಂದ ಮಾರ್ಕೆಟ್ಟಲ್ಲಿ ಕೂತಿದ್ದೀನಿ, ಯಾರು ನೆಂಟ್ರು ಯಾರು ಗಿರಾಕಿ ಅಂತ ಗೊತ್ತಾಗಲ್ವಾ? ನಿಮ್ಗೆ ಎದುರು ಮಾತಾಡಿದ್ರೆ ನಾಳೆ ಬಂದ್ರೂ ನಾಡಿದ್ದು ಬಾ ಅಂತೀರಿ. ಅದಕ್ಕೆ ಹಂಗಂದೆ."

ಗಗನಾಳಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಒಬ್ಬ ಹಿರಿಯ ಹೆಂಗಸು ತನ್ನನ್ನು ಕಂಡು ಹೆದರಿದ್ದರು. ಹೆದರಿ, ಗಗನಾಳಿಗೋಸ್ಕರ ನೆಪವನ್ನೂ ಅವರೇ ಹುಡುಕಿಕೊಟ್ಟಿದ್ದರು.

ಅಂದೇ ಅವಳು ಮೇಲಧಿಕಾರಿಯ ಮುಂದೆ ನಿಂತು ಎರಡೂ ತಪ್ಪುಗಳನ್ನು ಹೇಳಿ, ಬರೆದೂ ಕೊಟ್ಟಳು. ಅವರು ಕೂಗಾಡಲಿಲ್ಲ, ಬೆನ್ನೂ ತಟ್ಟಲಿಲ್ಲ. ವಸ್ತುವನ್ನು ವಾಪಸು ಮಾಡಿ ಸ್ವೀಕೃತಿ ತರುವಂತೆ ಹೇಳಿದರು. ಆಮೇಲೆ ಲಿಖಿತ ಎಚ್ಚರಿಕೆ ಬಂತು, ಅರ್ಜಿ ವಿಭಾಗದಿಂದ ಬೇರೆ ವಿಭಾಗಕ್ಕೂ ಹಾಕಿದರು. ತಾನಾಗಿ ಒಪ್ಪಿಕೊಂಡಿದ್ದರಿಂದ ಕೆಲಸ ಉಳಿಯಿತು. ನಾಚಿಕೆಯೂ ಉಳಿಯಿತು, ಅದು ಅಷ್ಟು ಸುಲಭಕ್ಕೆ ಹೋಗುವುದಿಲ್ಲ.

ವಾಪಸು ಕೊಡುವ ದಿನ ಶಾಂತಕುಮಾರಿ ತಾವೂ ಬರುತ್ತೇನೆಂದು ಹೊರಟರು. "ನೀನು ದಡಬಡ ಮಾಡಿ ಅವರ ಮನಸ್ಸು ನೋಯಿಸ್ತೀಯ. ಮರ್ಯಾದೆಯಾಗಿ ನಾನು ಕೊಡ್ತೀನಿ," ಎಂದು ಡಬ್ಬಿಯ ಜೊತೆಗೆ ಎಲೆ ಅಡಿಕೆ, ಬಾಳೆಹಣ್ಣನ್ನೂ ಚೀಲಕ್ಕೆ ಹಾಕಿಕೊಂಡರು.

ಅಂಗಡಿಯಲ್ಲಿ ಆನಂದ್ ಎದ್ದು ನಿಂತು ಬರಮಾಡಿಕೊಂಡರು. ಡಬ್ಬಿ ಕಂಡ ಕೂಡಲೇ ಎರಡೂ ಕೈ ಅಡ್ಡ ಮಾಡಿದರು.

"ಅಯ್ಯೋ, ಏನಮ್ಮ ಇದು! ಕೆಲಸಕ್ಕೂ ಇದಕ್ಕೂ ಏನ್ ಸಂಬಂಧ? ಪಾಪು ಮೇಲಿನ ಪ್ರೀತಿಗೆ ತಂದಿದ್ದು. ಅದು ನಮ್ಮನೆ ಮಗು ಇದ್ದಂಗೆ."

ಶಾಂತಕುಮಾರಿಯ ಮುಖ ಅರಳಿತು. ನಾನು ಹೇಳಲಿಲ್ಲವೇ ಎನ್ನುವಂತೆ ಸೊಸೆಯ ಕಡೆ ನೋಡಿದರು. ಸಂತೋಷಕ್ಕೆ ಮಾತು ಬೆಳೆಸಿದರು.

"ಅಷ್ಟು ಪ್ರೀತಿ ಇಟ್ಟಿದ್ದೀರಲ್ಲ, ಅದೇ ದೊಡ್ಡದು. ನಾಮಕರಣಕ್ಕೆ ಬಂದು ಹರಸಿದ್ದೀರ. ಈಗ ಹೆಸರು ಹಿಡಿದು ಕರೆದ್ರೆ ತಿರುಗಿ ನೋಡ್ತಾನೆ ಗೊತ್ತಾ? ನೀವೂ ಒಂದ್ಸಲ ಬಂದು ಕರೆದು ನೋಡಿ."

"ಹೌದಾ! ಖಂಡಿತ ಬರ್ತೀನಿ. ಪಾಪು ಹೆಸರು…" ಎಂದು ಆನಂದ್ ನಿಂತರು. ಗಗನಾಳ ಕಡೆ ನೋಡಿದರು, ಅಂಗಡಿಯ ಹುಡುಗರ ಕಡೆ ನೋಡಿದರು. "ಅದೇ… ಲಕ್ಷಣವಾದ ಹೆಸರು… ಹೆಣ್ಣುಮಗು ಅಲ್ವಾ ಮೇಡಂ?"

ಶಾಂತಕುಮಾರಿ ಡಬ್ಬಿಯನ್ನು ಗಾಜಿನ ಮೇಜಿನ ಮೇಲಿಟ್ಟರು. ಗಗನಾ ಸ್ವೀಕೃತಿಗೆ ಸಹಿ ಹಾಕಿಸಿಕೊಂಡಳು. ಎಲೆ ಅಡಿಕೆ ಚೀಲದಿಂದ ಹೊರಗೆ ಬರಲೇ ಇಲ್ಲ.

ಬೀದಿಗೆ ಬಂದ ಮೇಲೆ ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು.

"ನಾಮಕರಣಕ್ಕೆ ಬಂದ ಮನುಷ್ಯ ಕಣೇ… ನಮ್ಮ ಮಗೂನ ತಿರುಗಿ ಕೂಡ ನೋಡಿಲ್ಲ. ಅವನ ಕಣ್ಣೆಲ್ಲ ನಿನ್ ಕುರ್ಚಿ ಮೇಲಿತ್ತು. ನಾನು ಅದನ್ನ ಪ್ರೀತಿ ಅಂದ್ಕೊಂಡು ನನ್ನ ಕೈಯಾರೆ ಕೂಸಿನ ಸೊಂಟಕ್ಕೆ ಕಟ್ಟಿದೆನಲ್ಲೇ!"

ಓದುತ್ತಿರುವವರೇ, ಕೇಳುತ್ತಿರುವವರೇ, ನಿಮ್ಮ ಮನೆಯಲ್ಲಿ ಸರ್ಕಾರಿ ನೌಕರರಿದ್ದರೆ ಈ ಮಾತು ನಿಮಗೂ ಸೇರಿದ್ದು. ನಿಯಮ ಕುರ್ಚಿಯಲ್ಲಿ ಕೂತವರಿಗೆ ಮಾತ್ರವಲ್ಲ, ಅವರ ಮನೆಯ ಬಾಗಿಲು ತೆಗೆಯುವ ಅತ್ತೆ, ಗಂಡ, ಹೆಂಡತಿ, ಮಕ್ಕಳ ಕೈಯನ್ನೂ ಅದು ನೋಡುತ್ತದೆ. ಕಚೇರಿಯಲ್ಲಿ ಕೆಲಸವಿರುವವರು ಹಬ್ಬಕ್ಕೆ, ಮದುವೆಗೆ, ನಾಮಕರಣಕ್ಕೆ ಏನೇ ತಂದರೂ ಕೈಮುಗಿದು ಬೇಡ ಅನ್ನಿ. ಗೊತ್ತಿಲ್ಲದೆ ತೆಗೆದುಕೊಂಡಿದ್ದರೆ ಮುಚ್ಚಿಡಬೇಡಿ, ಇವತ್ತೇ ಮೇಲಧಿಕಾರಿಗೆ ಬರೆದು ತಿಳಿಸಿ. ಕಚೇರಿಗೆ ಕೆಲಸಕ್ಕೆಂದು ಹೋಗುವವರೇ, ನೀವೂ ತರಬೇಡಿ. ನಿಮ್ಮ ಸರದಿ ನಿಮ್ಮ ಹಕ್ಕು, ಅದಕ್ಕೆ ಬೆಳ್ಳಿ ಬೇಕಿಲ್ಲ.

ಸಂದೇಹ ಬಂದಾಗ ನಿಯಮದ ಪುಸ್ತಕ ಕೈಯಲ್ಲಿಲ್ಲದಿದ್ದರೂ ಚಿಂತೆಯಿಲ್ಲ. ಉಡುಗೊರೆ ಹಿಡಿದು ಬಾಗಿಲಲ್ಲಿ ನಿಂತವರನ್ನು ನೋಡಿ ನಿಮ್ಮನ್ನು ನೀವೇ ಕೇಳಿಕೊಳ್ಳಿ: ನಾನು ಆ ಕುರ್ಚಿಯಲ್ಲಿ ಇಲ್ಲದಿದ್ದರೆ ಇವರು ನನ್ನ ಮನೆಗೆ ಬರುತ್ತಿದ್ದರೇ?