ಕಾಮಣ್ಣನ ಮಾಸ್ಟರ್ ಕ್ಯಾಸೆಟ್

ಬಡಾಯಿ ಕೊಚ್ಚುವುದನ್ನು ಚಿಕ್ಕೋಡಿಯ ಕಾಮಣ್ಣನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಒಂದು ಕ್ಯಾಮೆರಾ, ಎರಡು ವಿಸಿಆರ್, ಬಸ್ ಸ್ಟ್ಯಾಂಡಿನ ಎದುರಿಗೊಂದು ಖೋಲಿ. ಇಷ್ಟಕ್ಕೇ 'ಕಾಮಣ್ಣ ವಿಡಿಯೋ ಮತ್ತು ಪಬ್ಲಿಸಿಟಿ ಕಂಪನಿ' ಎಂಬ ಬೋರ್ಡು. ತೊಂಬತ್ಮೂರರಲ್ಲಿ ಸಕ್ಕರೆ ಕಾರ್ಖಾನೆಯೊಂದರ ಪ್ರಚಾರದ ಫಿಲ್ಮು ಸಿಕ್ಕಿದ್ದೇ ತಡ, ಕಂಪನಿಯ ಪರಿಚಯ ಪತ್ರ ಹೊಡೆಸಿ ಸಂತೆಯಲ್ಲೆಲ್ಲ ಹಂಚಿದ. 'ನೀವು ಕಳೆದುಕೊಂಡರೂ ನಾವು ಕಳೆಯುವುದಿಲ್ಲ. ಪ್ರತಿ ಲಗ್ನದ ಮಾಸ್ಟರ್ ಕ್ಯಾಸೆಟ್ ನಮ್ಮಲ್ಲಿ ಶಾಶ್ವತ' ಎಂಬ ಸಾಲು ಬರೆದವನು ಅವನೇ. ಬರೆದು, ತಾನೇ ನಂಬಿಯೂ ಬಿಟ್ಟಿದ್ದ.

ಆ ಕಾಗದ ಹಿಡಿದೇ ದಿಗ್ಗೇವಾಡಿಯ ಶಿವಗಂಗವ್ವ ಬಂದಳು. ಅವಳ ಮಗಳು ಸುಂದರಾಳ ಲಗ್ನವನ್ನು ಎರಡು ವರ್ಷದ ಹಿಂದೆ ಕಾಮಣ್ಣನೇ ತೆಗೆದಿದ್ದ. ಸುಂದರಾ ಚೊಚ್ಚಲ ಹೆರಿಗೆಯಲ್ಲಿ ತೀರಿಕೊಂಡಳು. ಅಳಿಯ ಇನ್ನೊಂದು ಲಗ್ನ ಮಾಡಿಕೊಳ್ಳುವ ಮುನ್ನ ಫೋಟೊ, ಕ್ಯಾಸೆಟ್ಟು ಎಲ್ಲ ಸುಟ್ಟುಬಿಟ್ಟನಂತೆ. ಇತ್ತೀಚೆಗೆ ಕಣ್ಣು ಮುಚ್ಚಿದರೂ ಮಗಳ ಮುಖ ಬರುವುದಿಲ್ಲ, ಒಮ್ಮೆ ತೋರಿಸಿಬಿಡು ಎಂದಳು.

ಕಾಮಣ್ಣ ಕಪಾಟು ತೆರೆದ. ಸುಂದರಾಳ ಹೆಸರಿನ ಮೇಲೆ ಇನ್ನೊಂದು ಚೀಟಿ ಅಂಟಿತ್ತು, ಅವನದೇ ಅಕ್ಷರ: ಸಕ್ಕರೆ ಕಾರ್ಖಾನೆ. ಕೊಲ್ಲಾಪುರದಿಂದ ಹೊಸ ಕ್ಯಾಸೆಟ್ ಬರುವುದು ತಡವಾದಾಗ, ಹಳೆಯದನ್ನು ಯಾರು ಕೇಳುತ್ತಾರೆಂದು ಎರಡು ದಿನದ ಶೂಟಿಂಗನ್ನೆಲ್ಲ ಅದರ ಮೇಲೇ ತುಂಬಿಸಿದ್ದ. ಊರಿಗೆಲ್ಲ ಸುಳ್ಳು ಮಾರುವವನಿಗೆ ಅಂದು ನಾಲಿಗೆ ಹೊರಳಲಿಲ್ಲ, ಇದ್ದದ್ದನ್ನೇ ಹೇಳಿದ. ಕ್ಯಾಸೆಟ್ಟಿನ ಕೊನೆಯಲ್ಲಿ ಲಗ್ನದ್ದು ತುಸು ಉಳಿದಿರಬಹುದು ಎಂದೂ ಸೇರಿಸಿದ. ಆ ಆಸೆಯನ್ನು ಪಾಪಿ ಹುಟ್ಟಿಸಬಾರದಿತ್ತು.

ಮೂರು ತಾಸಿನ ಕ್ಯಾಸೆಟ್ಟು. ಅದನ್ನು ಬೇಗಬೇಗ ಕೊನೆಗೆ ಓಡಿಸಲು ಹೋದರೆ ಶಿವಗಂಗವ್ವ ಬೇಡವೆಂದಳು, ನಡುವೆ ಎಲ್ಲಿಯಾದರೂ ಮಗಳು ಬಂದುಹೋದಾಳೆಂದು. ಟೀವಿಯಲ್ಲಿ ಕಬ್ಬು ನುರಿಯಿತು, ಚೇರ್ಮನ್ನರು ಹಾರ ಹಾಕಿಸಿಕೊಂಡರು, ಮತ್ತೆ ಕಬ್ಬು. ಅವಳು ದೇವರ ಮುಂದೆ ಕೂತಂತೆ ಕೂತಿದ್ದಳು. ಕಾಮಣ್ಣನಿಗೆ ತನ್ನ ಕ್ಯಾಮೆರಾದ ಮೇಲೇ ಹೇಸಿಗೆ ಬಂತು.

ಕೊನೆಗೊಮ್ಮೆ ಚಿತ್ರ ಕದಡಿ ಹಂದರ ಕಾಣಿಸಿತು. ಹೆಣ್ಣು ಒಪ್ಪಿಸಿ ಕಳಿಸುವ ಹೊತ್ತು. ಕಾರಿನ ಬಳಿ ತಾಯಿ ಮಗಳನ್ನು ತಬ್ಬಿ ಅಳುತ್ತಿದ್ದಳು. ತಾಯಿಯ ಬೆನ್ನು, ತಾಯಿಯ ಸೆರಗು, ಆ ಬೆನ್ನ ಮೇಲೆ ಹಸಿರು ಬಳೆಯ ಎರಡು ಕೈ. ಅಷ್ಟರಲ್ಲಿ ಕ್ಯಾಸೆಟ್ ಮುಗಿಯಿತು.

ಮೂರು ಸಲ ಹಿಂದಕ್ಕೆ ತಿರುಗಿಸಿ ಹಾಕಿಸಿಕೊಂಡಳು. ಆಮೇಲೆ ಮೆಲ್ಲಗೆ ಕೇಳಿದಳು.

"ತಮ್ಮಾ, ನಾನ ಅಡ್ಡ ನಿಂತೀನಲ್ಲೋ. ನನ್ನ ತುಸು ಆಕಡೆ ಸರಸಾಕ ಬರತೈತೇನಪಾ?"

ಮದುಮಕ್ಕಳನ್ನು ವಿಡಿಯೋದಲ್ಲಿ ಕಮಲದ ಹೂವಿನೊಳಗೆ ಕೂರಿಸಿ ತೋರಿಸಿ ಐದು ತಾಲೂಕಿನಲ್ಲಿ ಹೆಸರು ಮಾಡಿದ್ದ ಕಾಮಣ್ಣ ತಲೆ ಎತ್ತಲಿಲ್ಲ.

"ಬರಂಗಿಲ್ಲ ಯವ್ವಾ," ಎಂದ.